ಗುರುವಿನ ಗದ್ದುಗೆ, ದೊರೆಯ ಬೆತ್ತ

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಶಾಲೆಗಳ ಬಾಗಿಲು ತೆರೆಯುತ್ತದೆ. ಕುಂಭಾಶಿ, ತೆಕ್ಕಟ್ಟೆ, ಕೋಟೇಶ್ವರದ ಕಡೆ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಶಾಲೆಯ ಜಗಲಿಗೆ ಬರುತ್ತಾಳೆ. ದಿನಸಿ ಅಂಗಡಿಯವರು ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೊಪ್ಪಿಸಿ ಮಗನನ್ನು ಕರೆತರುತ್ತಾರೆ. ಇಬ್ಬರೂ ಮೇಷ್ಟ್ರಿಗೆ ಹೇಳುವ ಮಾತು ಒಂದೇ: “ಕಣ್ಣೆರಡು ಬಿಟ್ಟು ಬೇರೆಲ್ಲಿಗಾದರೂ ಹೊಡೆಯಿರಿ. ಕಲಿತರೆ ಸಾಕು.”

ಹೀಗೆ ಹೇಳುವವರು ನಿರ್ದಯರಲ್ಲ. ತಮಗೆ ದೊರಕದೆ ಹೋದ ವಿದ್ಯೆ ಮಗುವಿಗಾದರೂ ದೊರಕಲಿ ಎಂಬ ಆಸೆಯೇ ಅವರ ಬಾಯಿಂದ ಆ ಮಾತನ್ನು ಹೊರಡಿಸುತ್ತದೆ. ಆದರೆ ಆ ಒಂದು ಮಾತಿನಲ್ಲಿ ಅವರು ಮಗುವಿನ ಮೈಯನ್ನಷ್ಟೇ ಅಲ್ಲ, ಬಾಯನ್ನೂ ಒಪ್ಪಿಸಿಬಿಡುತ್ತಾರೆ. ಕೈಕಟ್ಟಿ ನಿಲ್ಲಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು, “ಯಾಕೆ?” ಎಂದು ಕೇಳಬಾರದು. ಕೇಳಿದರೆ ಅದು ಉದ್ಧಟತನ. ಸೆಪ್ಟೆಂಬರ್ ೫ರಂದು ವೇದಿಕೆ ಹತ್ತುವ ಮಹಾಶಯರು ಇದಕ್ಕೆ “ನಮ್ಮ ಸನಾತನ ಗುರುಪರಂಪರೆ” ಎಂದು ಹೆಸರಿಟ್ಟು ಹಾರ ಹಾಕಿಸಿಕೊಂಡು ಇಳಿಯುತ್ತಾರೆ.

ಇಂದು ಶಾಲೆಯಲ್ಲಿ ಗುರುವಿಗಿರುವ ಅಧಿಕಾರ ಋಷಿಗಳ ಆಶ್ರಮದಿಂದ ನೆಟ್ಟಗೆ ಇಳಿದು ಬಂದದ್ದಲ್ಲ. ಅದು ಊರಿನ ಮೇಲ್ಜಾತಿಯ ದೊಡ್ಡ ಮನುಷ್ಯನೂ ಕಂಪೆನಿ ಸರಕಾರದ ಸಾಹೇಬನೂ ಕೂಡಿ ಮಾಡಿದ ಪಾಲುಗಾರಿಕೆ. ಸಾಹೇಬ ೧೯೪೭ರಲ್ಲಿ ಹಡಗು ಹತ್ತಿದ. ಪಾಲುಗಾರಿಕೆ ಮಾತ್ರ ಮುರಿಯಲಿಲ್ಲ. ಅದನ್ನು ಮುರಿಯಬೇಕಾದವರು ಪಂಡಿತರಲ್ಲ, ತಂದೆತಾಯಿಗಳಾದ ನಾವು.

ಮೊದಲು ಹಳೆಯ ಕಾಲದ ಸಂಗತಿ ನೋಡೋಣ. ೧೮೨೨ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದ. ೧೮೨೬ರ ಹೊತ್ತಿಗೆ ಬಂದ ಒಟ್ಟು ಲೆಕ್ಕ ೧೨,೪೯೮ ಶಾಲೆ, ೧,೮೮,೬೫೦ ಮಕ್ಕಳು. ಈ ಅಂಕಿಗಳನ್ನು ಧರ್ಮಪಾಲರು ೧೯೮೩ರಲ್ಲಿ ಪುಸ್ತಕವಾಗಿ ಹೊರತಂದ ಮೇಲೆ “ನೋಡಿ, ಇಂಗ್ಲಿಷರು ಬರುವ ಮೊದಲೇ ನಮ್ಮಲ್ಲಿ ಎಲ್ಲವೂ ಇತ್ತು” ಎಂದು ಎದೆ ತಟ್ಟಿಕೊಳ್ಳುವವರು ಹೆಚ್ಚಾದರು. ಆದರೆ ಆಗ ನಮ್ಮ ಕುಂದಾಪುರ ಸೀಮೆ ಸೇರಿದ್ದ ಕೆನರಾ ಜಿಲ್ಲೆಯ ಕಲೆಕ್ಟರ ಕಳಿಸಿದ ಉತ್ತರವೇನು? ಲೆಕ್ಕದ ನಮೂನೆಯನ್ನು ಅವನು ತುಂಬಿಸಲೇ ಇಲ್ಲ. ಇಲ್ಲಿ ಕಾಲೇಜುಗಳಿಲ್ಲ, ಕಾಯಂ ಶಾಲೆಗಳೂ ಇಲ್ಲ, ಬ್ರಾಹ್ಮಣರ ಮಕ್ಕಳಿಗೆ ಊರಿನ ಮುಖ್ಯಸ್ಥನೊಬ್ಬನ ಮನೆಯಲ್ಲಿ ಪಾಠವಾಗುತ್ತದೆ ಎಂಬ ಅರ್ಥದ ಕಾಗದವೊಂದನ್ನು ಕಳಿಸಿ ಕೈ ತೊಳೆದುಕೊಂಡ.

ಸಾಹೇಬ ಸೋಮಾರಿಯೇ ಆಗಿದ್ದಿರಬಹುದು. ಊರೂರಲ್ಲಿ ಐಗಳ ಮಠಗಳಿದ್ದುವು, ಲೆಕ್ಕಪತ್ರ ಕಲಿಸುವವರಿದ್ದರು ಎಂಬುದನ್ನು ಅಜ್ಜಂದಿರ ಬಾಯಿಂದ ಕೇಳಿದವರು ನಮ್ಮಲ್ಲಿದ್ದಾರೆ. ಆದರೂ ಆ ಕಾಗದದಲ್ಲಿ ಒಂದು ಸತ್ಯ ಉಳಿದುಕೊಂಡಿದೆ. ಪಾಠ ನಡೆಯುತ್ತಿದ್ದುದು ಮುಖ್ಯಸ್ಥನ ಮನೆಯಲ್ಲಿ. ಆ ಮನೆಯ ಹೊಸ್ತಿಲು ಯಾರು ದಾಟಬಹುದಾಗಿತ್ತು? ಗೇಣಿ ಒಕ್ಕಲಿನ ಮಗನೇ? ಮೊಗೇರರ, ಕೊರಗರ ಮಗುವೇ? ಮಗಳಂತೂ ದೂರದ ಮಾತು. ಗುರುವಿನ ಗದ್ದುಗೆ ಒಡೆಯನ ಚಾವಡಿಯೊಳಗೇ ಇತ್ತು. ಅಂಥ ಕಾಲವನ್ನು ಸುವರ್ಣಯುಗವೆಂದು ಕರೆಯಲು ದುಡಿಯುವವರಿಗೆ ಯಾವ ಕಾರಣವೂ ಇಲ್ಲ.

ಇನ್ನು ಸಾಹೇಬನ ಪಾಲು. ವಿಜಯದಶಮಿಯ ದಿನ ನಾವು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಅಕ್ಷರ ಬರೆಸುತ್ತೇವೆ. ಹಿಂದಿನ ಮಠಗಳಲ್ಲಿ ಅಕ್ಕಿಯ ಬದಲು ಮರಳು. ಖರ್ಚಿಲ್ಲದ ಪಾಟಿ ಅದು. ೧೭೮೯ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಗೆ ಮುಖ್ಯಸ್ಥನಾದ ಆಂಡ್ರೂ ಬೆಲ್ ಎಂಬ ಪಾದ್ರಿ ನಾಟಿ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ಬೆರಗಾದ. ಅದನ್ನೇ ತನ್ನ ಶಾಲೆಗೂ ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. ೧೭೯೭ರಲ್ಲಿ ಲಂಡನ್ನಿನಲ್ಲಿ ಇದನ್ನು ಅಚ್ಚು ಹಾಕಿಸಿದ ಮೇಲೆ ಇಂಗ್ಲೆಂಡಿನ ಧನಿಕರಿಗೆ ಬಹಳ ಹಿಡಿಸಿತು. ಒಬ್ಬ ಮೇಷ್ಟ್ರಿನಿಂದ ನೂರಾರು ಬಡಮಕ್ಕಳನ್ನು ಸಾಲಿನಲ್ಲಿ ಕೂರಿಸಿ, ಗಂಟೆ ಬಾರಿಸಿ, ಏಳು ಕೂರು ಮಾಡಿಸಬಹುದಾದರೆ ಅದಕ್ಕಿಂತ ಅಗ್ಗ ಯಾವುದಿದೆ? ಮುಂದೆ ಗಿರಣಿಗೆ ಬೇಕಾಗುವ ಕೈಗಳನ್ನು ಪಳಗಿಸಲು ಅದು ಹೇಳಿ ಮಾಡಿಸಿದ ವಿಧಾನ. ಹೀಗೆ ನಮ್ಮ ಮರಳು ಅವರ ಬಡವರ ಮಕ್ಕಳನ್ನು ಪಳಗಿಸಿತು. ತಿರುಗಿ ಬರುವಾಗ ಮರಳು ಬರಲಿಲ್ಲ, ಸಾಲು, ಗಂಟೆ, ಹಾಜರಿ ಪುಸ್ತಕ ಬಂದುವು.

೧೮೬೨ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಉಪಾಯ ಹೂಡಿದರು. ಇನ್‌ಸ್ಪೆಕ್ಟರ ಬಂದು ಪರೀಕ್ಷೆ ಮಾಡಿದ ದಿನ ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟಕ್ಕೆ ಮಾತ್ರ ಶಾಲೆಗೆ ಹಣ. ಅದೇ ದಶಕದಲ್ಲಿ ಮದರಾಸು ಪ್ರಾಂತದಲ್ಲೂ ಈ ಪದ್ಧತಿ ಜಾರಿಗೆ ಬಂತು. ಓದುಗರಲ್ಲಿ ಕಾರ್ಖಾನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ತುಂಡುಗೆಲಸದ ಕೂಲಿ. ಗೇರುಬೀಜ ಸುಲಿದವರಿಗೆ ತೂಕದ ಮೇಲೆ ಕೂಲಿಯಾದರೆ, ಮೇಷ್ಟ್ರಿಗೆ ಪಾಸಾದ ತಲೆಗಳ ಮೇಲೆ ಕೂಲಿ. ಪರೀಕ್ಷೆಯಲ್ಲಿ ಮಗು ತೊದಲಿದರೆ ಮೇಷ್ಟ್ರ ಮನೆಯ ಒಲೆ ಹೊತ್ತುವುದಿಲ್ಲ. ಬೆತ್ತ ಹಿಡಿಯದೆ ಅವರು ಏನು ಮಾಡಿಯಾರು? ಕಂಠಪಾಠ ಮಾಡಿಸದೆ ಬೇರೆ ದಾರಿ ಯಾವುದಿತ್ತು? ಇನ್‌ಸ್ಪೆಕ್ಟರನ ಮುಂದೆ ಹುಲ್ಲುಕಡ್ಡಿ, ಮಕ್ಕಳ ಮುಂದೆ ಹೆಬ್ಬುಲಿ, ಇಂಥ ಉಪಾಧ್ಯಾಯನನ್ನು ನಿರ್ಮಿಸಿದ್ದು ವಸಾಹತು ಸರಕಾರ ಎಂಬುದನ್ನು ಕೃಷ್ಣಕುಮಾರರಂಥ ಶಿಕ್ಷಣವೇತ್ತರು ಸವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ.

ಮಾತಿನಲ್ಲಿಯೇ ಇದರ ಗುರುತಿದೆ. ಕೆಲಸದ ಜಾಗದಲ್ಲಿ ಆಳುಗಳನ್ನು ನೋಡಿಕೊಳ್ಳುವವ ಮೇಸ್ತ್ರಿ. ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಮೇಷ್ಟ್ರು. ಮೊದಲನೆಯ ಪದ ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದದ್ದು, ಎರಡನೆಯದು ಇಂಗ್ಲಿಷರ ಜೊತೆ. ಎರಡಕ್ಕೂ ಲ್ಯಾಟಿನಿನಲ್ಲಿ ಬೇರು ಒಂದೇ. ಆ ಬೇರು ಇಂದಿಗೂ ಒಣಗಿಲ್ಲ.

ಮೆಕಾಲೆಯ ಹೆಸರು ಎಲ್ಲರಿಗೂ ಗೊತ್ತು. ೧೮೩೫ರಲ್ಲಿ ಅವನು ಬರೆದ ಟಿಪ್ಪಣಿಯನ್ನು ಬಯ್ಯದ ಭಾಷಣವೇ ಇಲ್ಲ. ಆದರೆ ೧೮೩೭ರಲ್ಲಿ ದಂಡಸಂಹಿತೆಯ ಕರಡು ಸಿದ್ಧಪಡಿಸಿದ ಆಯೋಗದ ಮುಖ್ಯಸ್ಥನೂ ಅವನೇ ಎಂಬುದನ್ನು ಭಾಷಣಕಾರರು ಮರೆಯುತ್ತಾರೆ. ೧೮೬೦ರಲ್ಲಿ ಕಾಯಿದೆಯಾದ ಆ ಸಂಹಿತೆಯ ೮೯ನೆಯ ಕಲಮಿನಂತೆ, ಹನ್ನೆರಡರೊಳಗಿನ ಮಗುವಿನ ಹಿತಕ್ಕಾಗಿ ಪೋಷಕರ ಒಪ್ಪಿಗೆಯಿಂದ ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಲ್ಲ. ಮಗುವನ್ನು ಹೊಡೆದ ಉಪಾಧ್ಯಾಯರು ಕೋರ್ಟು ಮೆಟ್ಟಿಲು ಹತ್ತಿದಾಗಲೆಲ್ಲ ಹಿಡಿದ ಕೊಡೆ ಇದು. “ಕಣ್ಣೆರಡು ಬಿಟ್ಟು ಹೊಡೆಯಿರಿ” ಎಂಬ ತಾಯಿಯ ಮಾತು ಈ ಕಲಮಿನ ಪಾಲಿಗೆ ಒಪ್ಪಿಗೆಯ ಸಹಿ! ೨೦೨೪ರ ಜುಲೈ ೧ರಂದು ವಸಾಹತು ಕಾನೂನಿಗೆ ತಿಲಾಂಜಲಿ ಕೊಟ್ಟೆವೆಂದು ದಿಲ್ಲಿಯ ಆಳರಸರು ಡಂಗುರ ಹೊಡೆದರು. ಹೊಸ ಭಾರತೀಯ ನ್ಯಾಯಸಂಹಿತೆಯ ೨೭ನೆಯ ಕಲಮನ್ನು ಓದಿ ನೋಡಿ. ಅದೇ ಕೊಡೆ, ಹಿಡಿಗೆ ಹೊಸ ಬಣ್ಣ. ಬೆತ್ತ ಕಲಿಸಿದ ಇಂಗ್ಲೆಂಡೇ ತನ್ನ ಸರಕಾರಿ ಶಾಲೆಗಳಲ್ಲಿ ೧೯೮೭ರಿಂದ ಬೆತ್ತವನ್ನು ಕೆಳಗಿಟ್ಟಿದೆ. ನಾವು ಮಾತ್ರ “ದಂಡಂ ದಶಗುಣಂ” ಎಂದು ಅದಕ್ಕೆ ಸಂಸ್ಕೃತದ ಶಾಲು ಹೊದಿಸಿ ಪೂಜಿಸುತ್ತಿದ್ದೇವೆ.

ಮೇಲ್ಜಾತಿಯೂ ಸಾಹೇಬನೂ ಬೇರೆಬೇರೆ, ಒಬ್ಬರಿಂದ ಇನ್ನೊಬ್ಬರು ನಮ್ಮನ್ನು ಬಿಡಿಸಿದರು ಎಂದು ಹೇಳುವವರೂ ಇದ್ದಾರೆ. ಅವರಿಗೆ ೧೮೫೬ರ ಧಾರವಾಡವೇ ಉತ್ತರ. ಆ ವರ್ಷ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಕೊಟ್ಟ. ಶಾಲೆ ನಿರಾಕರಿಸಿತು. ಹುಡುಗ ಬೊಂಬಾಯಿ ಸರಕಾರಕ್ಕೆ ಬರೆದುಕೊಂಡ. ಸಮಾನತೆಯ ಪಾಠ ಹೇಳುತ್ತಿದ್ದ ಬಿಳಿಯ ಸರಕಾರ ಏನೆಂದಿತು? ನ್ಯಾಯ ನಿನ್ನ ಕಡೆಗಿದೆ, ಆದರೆ ಒಬ್ಬನಿಗಾಗಿ ಯುಗಯುಗಗಳ ಜಾತಿ ಭಾವನೆಯನ್ನು ಕೆದಕಲಾರೆವು ಎಂಬ ಅರ್ಥದಲ್ಲಿ ಬಾಗಿಲು ಮುಚ್ಚಿತು. ೧೮೫೮ರಲ್ಲಿ ಕಂಪೆನಿಯ ನಿರ್ದೇಶಕರು ಸರಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕೆಂದು ಬರೆದರೇನೋ ನಿಜ. ಕಾಗದ ಲಂಡನ್ನಿನಿಂದ ಬಂತು, ಬಾಗಿಲು ಊರಿನವರ ಕೈಯಲ್ಲಿಯೇ ಉಳಿಯಿತು. ಅಂಬೇಡ್ಕರರು ಈ ಪ್ರಕರಣವನ್ನು ಎತ್ತಿ ಆಡಿದ್ದು ಸುಮ್ಮನೆ ಅಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೦ರ ದಶಕದಲ್ಲಿ ದಲಿತ ಮಕ್ಕಳಿಗಾಗಿ ಬೇರೆ ಶಾಲೆಯನ್ನೇ ಕಟ್ಟಬೇಕಾಯಿತು. ಸ್ವಜಾತಿಯವರ ಬಹಿಷ್ಕಾರವನ್ನೂ ಉಣ್ಣಬೇಕಾಯಿತು.

ಇಂಥವರ ಎದುರು “ಏಕಲವ್ಯನ ಗುರುಭಕ್ತಿ ನೋಡಿ” ಎಂದು ಹೇಳುವ ಧೈರ್ಯ ನಮ್ಮ ಪಠ್ಯಗಳಿಗಿದೆ. ದ್ರೋಣ ಪಾಠ ಹೇಳಲಿಲ್ಲ. ಹುಡುಗ ತಾನಾಗಿ ಕಲಿತ. ಕಲಿತದ್ದಕ್ಕೆ ಹೆಬ್ಬೆರಳು ಕಿತ್ತುಕೊಂಡ ಮನುಷ್ಯನ ಹೆಸರಿನಲ್ಲಿ ಭಾರತ ಸರಕಾರ ೧೯೮೫ರಿಂದ ಉತ್ತಮ ತರಬೇತುದಾರರಿಗೆ ಪ್ರಶಸ್ತಿ ಕೊಡುತ್ತಿದೆ. ಗಿರಣಿಯವರು ಒಂದು ಲೆಕ್ಕ ನೆನಪಿಡಬೇಕು. ೧೯೨೩ರ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ನೂರಕ್ಕೆ ಮೂವತ್ತು ಹೋಯಿತೆಂದು ಹಿಡಿದು ಮಾಲಿಕ ಪರಿಹಾರ ಕೊಡಬೇಕೆಂದಿತ್ತು. ಯಂತ್ರದ ಮಾಲಿಕನೇ ತೆರಬೇಕಾದ ದಂಡವನ್ನು ವಿದ್ಯೆಯ ಮಾಲಿಕ ತೆರಬೇಕಾಗಿಲ್ಲವೇ? ಇನ್ನು ದಾಸರ ಪದ ತೋರಿಸಿ ಗುರುವಿಗೆ ಗುಲಾಮನಾಗೆಂದು ಹೇಳುವವರಿಗೆ ಒಂದೇ ಉತ್ತರ: ಅದು ಮುಕ್ತಿಯ ಮಾತು, ಮಗ್ಗಿಯ ಮಾತಲ್ಲ. ಪರಂಪರೆಯೇ ಬೇಕೆಂದಾದರೆ ಆರು ಮಂದಿ ಶಿಷ್ಯರು ಪಿಪ್ಪಲಾದನಿಗೆ ಪ್ರಶ್ನೆ ಹಾಕಿದ್ದರಿಂದ ಹುಟ್ಟಿದ ಉಪನಿಷತ್ತಿಗೆ ಪ್ರಶ್ನೋಪನಿಷತ್ತು ಎಂದೇ ಹೆಸರಿದೆ. ಯಮನನ್ನೇ ಪ್ರಶ್ನಿಸಿದ ನಚಿಕೇತನೂ ಇದ್ದಾನೆ. ಅವರನ್ನೇಕೆ ಸೆಪ್ಟೆಂಬರ್ ೫ರಂದು ನೆನೆಯುವುದಿಲ್ಲ?

ಪರದೇಶದವರು ಹೋದ ಮೇಲೂ ಅವರ ಮಾತು, ಮರ್ಯಾದೆ, ಅಳತೆಗೋಲು ನಮ್ಮೊಳಗೆ ಕುಳಿತು ಆಳುವುದನ್ನು ಕುರಿತು ಆಲೋಚಿಸುವ ಒಂದು ವಿದ್ವತ್ತಿದೆ. ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ವಸಾಹತೋತ್ತರ ಸಿದ್ಧಾಂತ ಎನ್ನುತ್ತಾರೆ. ಮಾರ್ಟಿನೀಕಿನ ವೈದ್ಯ ಫ್ರಾಂಟ್ಸ್ ಫಾನನ್ ೧೯೫೨ರಲ್ಲೂ ೧೯೬೧ರಲ್ಲೂ ಬರೆದ ಪುಸ್ತಕಗಳು, ಎಡ್ವರ್ಡ್ ಸೈದ್ ೧೯೭೮ರಲ್ಲಿ ಬರೆದದ್ದು, ಇಂಗ್ಲಿಷ್ ಸಾಹಿತ್ಯವೆಂಬ ಪಾಠ ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಪ್ರಜೆಗಳನ್ನು ಪಳಗಿಸಲು ಬೇರೂರಿತೆಂದು ಗೌರಿ ವಿಶ್ವನಾಥನ್ ೧೯೮೯ರಲ್ಲಿ ತೋರಿಸಿದ್ದು, ಇವೆಲ್ಲ ಬೆಲೆಯುಳ್ಳ ಕೆಲಸ. ಇದನ್ನು ಅಲ್ಲಗಳೆಯುವವರು ನಾವಲ್ಲ. ನಮ್ಮ ಲೋಹಿಯಾ ೧೯೫೭ರಲ್ಲಿಯೇ ಇಂಗ್ಲಿಷಿನ ಯಜಮಾನಿಕೆಯ ವಿರುದ್ಧ ಚಳವಳಿ ಹೂಡಿದಾಗ ನಕ್ಕವರ ಮಕ್ಕಳು ಇಂದು ಅದೇ ಮಾತನ್ನು ಕಾಲೇಜಿನಲ್ಲಿ ಪಾಠವಾಗಿ ಹೇಳುತ್ತಿದ್ದಾರೆಂದರೆ ಸಂತೋಷವೇ.

ಆದರೆ ಈ ಸಿದ್ಧಾಂತವನ್ನು ಹೇಗೆ ಕಲಿಸುತ್ತಾರೆ? ಇಂಗ್ಲಿಷಿನಲ್ಲಿ, ಎತ್ತರದ ವೇದಿಕೆಯ ಮೇಲೆ ನಿಂತು, ಟಿಪ್ಪಣಿ ಬರೆಸಿ. ಅಧಿಕಾರವನ್ನು ಪ್ರಶ್ನಿಸಬೇಕೆಂಬ ವಾಕ್ಯವನ್ನು ಬಾಯಿಪಾಠ ಮಾಡಿ ಹತ್ತು ಅಂಕ ಗಳಿಸುವ ಹುಡುಗ, ಆ ಅಂಕ ಹಾಕುವವರ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಕಾಯುತ್ತಾನೆ. ಸಂಶೋಧನೆಗೆ ಸೇರಿದ ಹುಡುಗಿ ಮಾರ್ಗದರ್ಶಕರ ಸಹಿಗಾಗಿ ವರ್ಷಗಟ್ಟಲೆ ಅಲೆಯುತ್ತಾಳೆ. ಸಿದ್ಧಾಂತದಲ್ಲಿ ಸಾಹೇಬ ಸತ್ತ, ಕೋಣೆಯಲ್ಲಿ ಜೀವಂತ ಕುಳಿತಿದ್ದಾನೆ!

ಸಿದ್ಧಾಂತ ಕೈಗೆ ಬಂದರೆ ಏನಾಗುತ್ತದೆಂಬುದಕ್ಕೆ ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆಯನ್ನು ನೋಡಿ. ೧೯೬೩ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ೩೦೦ ಮಂದಿ ದುಡಿಮೆಗಾರರಿಗೆ ಅವರು ಸುಮಾರು ೪೦ ಗಂಟೆಗಳಲ್ಲಿ ಓದುಬರಹ ಕಲಿಸಿದರು. ಕಲಿಯುವವರ ಗುದ್ದಲಿ, ಇಟ್ಟಿಗೆ, ಕೂಲಿ ಎಂಬ ಮಾತುಗಳಿಂದಲೇ ಪಾಠ ತೊಡಗಿಸುವುದು, ಕಲಿಸುವವನೂ ಕಲಿಯುವುದು, ಇದು ಅವರ ರೀತಿ. ೧೯೬೪ರಲ್ಲಿ ಸೈನ್ಯ ಅಧಿಕಾರ ಹಿಡಿದ ಕೂಡಲೇ ಅವರನ್ನು ಸೆರೆಗೆ ತಳ್ಳಿತು. ಅಕ್ಷರ ಕಲಿಸಿದ್ದಕ್ಕಲ್ಲ, ಅಕ್ಷರದ ಜೊತೆ ಪ್ರಶ್ನೆ ಕಲಿಸಿದ್ದಕ್ಕೆ. ಅಷ್ಟು ದೂರವೇಕೆ? ನೆರೆಯ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರದ ದಿನಗಳಲ್ಲಿ ಕಾಲೇಜಿಗೆ ಬೆನ್ನು ಹಾಕಿದವರು. ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರಗಳ ಮೂಲಕ ಮಕ್ಕಳು ಕಲಿಯಬಲ್ಲರೆಂದು ತೋರಿಸಿದರು. ಅವರ ಹೆಸರಿನಲ್ಲಿ ಭವನ ಕಟ್ಟಿದ್ದೇವೆ, ಪ್ರಶಸ್ತಿ ಹಂಚುತ್ತಿದ್ದೇವೆ. ಶಾಲೆಯೊಳಗೆ ಅವರನ್ನು ಬಿಟ್ಟುಕೊಂಡಿಲ್ಲ.

ಶಾಲೆಯೊಳಗೆ ಇಂದು ಏನು ನಡೆಯುತ್ತಿದೆ? ಕೆನ್ಯದ ಗೂಗಿ ವಾ ಥಿಯಾಂಗೊ ತಮ್ಮ ಬಾಲ್ಯದ ಶಾಲೆಯನ್ನು ಕುರಿತು ೧೯೮೬ರಲ್ಲಿ ಬರೆದರು. ತಾಯಿನುಡಿ ಆಡಿ ಸಿಕ್ಕಿಬಿದ್ದ ಮಕ್ಕಳಿಗೆ ಛಡಿಯೇಟು, ಕುತ್ತಿಗೆಗೆ ಅವಮಾನದ ಬಿಲ್ಲೆ. ಅದನ್ನೋದಿ ಮರುಗುವ ನಾವು ನಮ್ಮ ಹಳದಿ ಬಸ್ಸಿನ ಶಾಲೆಗಳಲ್ಲಿ ಕನ್ನಡ ಆಡಿದ ಮಗುವಿಗೆ ದಂಡ ಹಾಕುವುದನ್ನು ಫೀಸು ಕೊಟ್ಟು ಒಪ್ಪಿಕೊಂಡಿದ್ದೇವೆ. ಕನ್ನಡ ಶಾಲೆಯೇನು ಮೇಲೇ? “ಗೊತ್ತಿಲ್ಲೆ” ಎಂದ ಮಗುವಿಗೆ “ಗೊತ್ತಿಲ್ಲೆ ಅಲ್ಲ, ಗೊತ್ತಿಲ್ಲ ಅನ್ನು” ಎಂಬ ಗದರಿಕೆ. “ಹೋಪ” ಎಂದರೆ ತರಗತಿಗೆಲ್ಲ ನಗು. ಅವ್ವನ ಮಡಿಲಿನಲ್ಲಿ ಕಲಿತ ಕುಂದಾಪ್ರ ಕನ್ನಡ ತಪ್ಪೆಂದ ಮೇಲೆ ಆ ಮಗು ಬಾಯಿ ತೆರೆಯುವುದಾದರೂ ಹೇಗೆ? ಕೊರಗರ ಮಗುವಿನ ಪಾಡು ಇನ್ನೂ ಕಷ್ಟ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು ೨೦೦೦ದಲ್ಲಿ. ತಂದೆಯ ಕಾಲದವರೆಗೆ ಊರಿನ ಅಂಗಳದಾಚೆ ನಿಂತವರ ಮಗು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತರೆ ನಾವು ಅದನ್ನು “ದಡ್ಡ” ಎಂದು ದಾಖಲಿಸುತ್ತೇವೆ.

ಕುಂಭಾಶಿಯಿಂದ ಹತ್ತು ಕಿಲೋಮೀಟರಿನೊಳಗಿನ ಕುಂದಾಪುರದಲ್ಲಿ ೨೦೨೨ರ ಫೆಬ್ರವರಿ ೩ರಂದು ಸರಕಾರಿ ಪದವಿಪೂರ್ವ ಕಾಲೇಜಿನ ಗೇಟನ್ನು ಹಿಜಾಬು ತೊಟ್ಟ ವಿದ್ಯಾರ್ಥಿನಿಯರ ಎದುರೇ ಮುಚ್ಚಿದ್ದನ್ನು ದೇಶವೆಲ್ಲ ನೋಡಿತು. ಪರೀಕ್ಷೆ ಹತ್ತಿರವಿದೆ, ಒಳಗೆ ಬಿಡಿ ಎಂದು ಆ ಮಕ್ಕಳು ಅಂಗಲಾಚುತ್ತಿದ್ದರು. ಮಾರ್ಚ್ ೧೫ರಂದು ಹೈಕೋರ್ಟು ಸಮವಸ್ತ್ರದ ಕಟ್ಟಳೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ ೧೩ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಗೇಟಿನಲ್ಲಿ ಹುಡುಗಿಯ ಹಿಜಾಬು ತೆಗೆಸುವುದು ಅವಳ ಘನತೆಗೂ ಖಾಸಗಿತನಕ್ಕೂ ಏಟು ಎಂಬುದು ನ್ಯಾಯಮೂರ್ತಿ ಧೂಲಿಯಾ ಅವರ ಅಭಿಪ್ರಾಯವಾಗಿತ್ತು. ಹಿಜಾಬು ಸರಿಯೇ ತಪ್ಪೇ ಎಂದು ವಾಚಕರಲ್ಲಿ ಭಿನ್ನಾಭಿಪ್ರಾಯವಿರಬಹುದು, ಇರಲಿ. ನಾವು ಕೇಳುವುದು ಬೇರೆ. ವಿದ್ಯೆ ಬೇಡಿ ಬಂದವರಿಗೆ ಮೊದಲು ಗೇಟು ಹಾಕಿ, ಆಮೇಲೆ ನ್ಯಾಯ ಹುಡುಕುವ ಅಧಿಕಾರವನ್ನು ಗುರುವಿಗೆ ಕೊಟ್ಟವರು ಯಾರು? ೧೮೫೬ರಲ್ಲಿ ಧಾರವಾಡದ ಬಾಗಿಲು ಮುಚ್ಚಿದ ಕೈಗೂ ಈ ಕೈಗೂ ಏನು ಅಂತರ?

“ಹಾಗಾದರೆ ಉಪಾಧ್ಯಾಯರಿಗೆ ಮರ್ಯಾದೆಯೇ ಬೇಡವೇ? ಮಕ್ಕಳು ತಲೆಯ ಮೇಲೆ ಕೂರಲಿಕ್ಕಿಲ್ಲವೇ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ನೇರವಾಗಿದೆ. ಉಪಾಧ್ಯಾಯರು ನಮ್ಮ ವೈರಿಗಳಲ್ಲ, ನಮ್ಮಂತೆಯೇ ದುಡಿಯುವವರು. ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ಹಲವರನ್ನು ವರ್ಷಕ್ಕೊಮ್ಮೆ ಹಿಡಿದು ಬೇಸಿಗೆಯಲ್ಲಿ ಬಿಟ್ಟುಬಿಡುತ್ತಾರೆ. ಉಳಿದವರು ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊರಬೇಕು. ಮೇಲಿನವರು ತುಳಿದವನು ಕೆಳಗಿನವರನ್ನು ತುಳಿಯುತ್ತಾನೆ. ಅದು ಕಾರ್ಖಾನೆಯ ನಿಯಮ, ಶಾಲೆಗೂ ಅದೇ ಬಂದಿದೆ. ತಿಳಿದವನೆಂದು ಬರುವ ಮರ್ಯಾದೆ ಬೇರೆ, ಬೆತ್ತ ಹಿಡಿದವನೆಂದು ಬರುವ ಹೆದರಿಕೆ ಬೇರೆ. ಮೊದಲನೆಯದನ್ನು ಕೊಡೋಣ, ಎರಡನೆಯದನ್ನು ಹಿಂದಕ್ಕೆ ಪಡೆಯೋಣ.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ಶಾಲೆಯಲ್ಲಿ “ಯಾಕೆ” ಎನ್ನಲಾರದವರು ಕಾರ್ಖಾನೆಯಲ್ಲಿ “ಎಷ್ಟು” ಎನ್ನಲಾರರು. ಕೂಲಿಚೀಟಿಯಲ್ಲಿ ಭವಿಷ್ಯನಿಧಿಗೆಂದು ಮುರಿದ ಹಣ ನಿಜವಾಗಿ ಕಟ್ಟಿದೆಯೇ ಎಂದು ಕೇಳಲು ನಾಲಿಗೆ ಏಳದಿರುವುದು ಒಂದನೆಯ ತರಗತಿಯಲ್ಲಿ ತಿಂದ ಏಟಿನಿಂದ. ೨೦೨೫ರ ಜುಲೈಯಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಬಂದಾಗ ಎಷ್ಟು ಮಂದಿ ಅಂಗಡಿಯವರು ಕೈಕಾಲು ನಡುಗಿ ಕೂತರು! ಇದ್ದ ಹಕ್ಕನ್ನೂ ಕೇಳಲು ಅಂಜಿಕೆ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಮಾಡಿದ್ದೇನು? ಒಡೆಯನ ಕೊಳಗದ ಅಳತೆ ಸರಿಯೇ ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಇನ್ನೆಷ್ಟೋ ಸೇರಿ ೧೯೭೪ರ ಭೂಸುಧಾರಣೆಯವರೆಗೆ ನಡೆದುಬಂತು. ಅಂದು ಕೊಳಗ, ಇಂದು ಅಂಕಪಟ್ಟಿ. ಅಳತೆ ಯಾರದು ಎಂದು ಕೇಳುವ ಹಕ್ಕು ಮಗುವಿಗೆ ಇರಬೇಡವೇ?

ಮಾಡಬೇಕಾದದ್ದು ಕಷ್ಟದ್ದಲ್ಲ.

ಒಂದು: ಈ ವರ್ಷ ಮಗುವನ್ನು ಶಾಲೆಗೆ ಬಿಡುವಾಗ “ಹೊಡೆಯಿರಿ” ಎನ್ನಬೇಡಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಖಾಸಗಿ ಶಾಲೆಗೂ ಅನ್ವಯಿಸುತ್ತದೆ.

ಎರಡು: ಅದೇ ಕಾಯಿದೆಯ ೨೧ನೆಯ ಕಲಮಿನಂ‌ತೆ ಸರಕಾರಿ ಮತ್ತು ಅನುದಾನಿತ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು. ನಮ್ಮಲ್ಲಿ ೨೦೦೧ರಿಂದ ಇರುವ ಎಸ್.ಡಿ.ಎಂ.ಸಿ. ಇದೇ. ಖಾಲಿ ಕುರ್ಚಿಗೆ ಊರ ಪುಢಾರಿ ಬಂದು ಕೂರುವ ಮೊದಲು ನಾವು ಕೂರಬೇಕು. ಸಭೆ ಕೆಲಸದ ಹೊತ್ತಿನಲ್ಲಿದ್ದರೆ ಭಾನುವಾರಕ್ಕೆ ಹಾಕಿಸಬೇಕು, ಇಲ್ಲವೇ ಅರ್ಧ ದಿನದ ಕೂಲಿಸಹಿತ ರಜೆಯನ್ನು ಕಾರ್ಮಿಕ ಸಂಘ ಮಾಲಿಕರಿಂದ ಕೇಳಬೇಕು.

ಮೂರು: ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಸಮಿತಿಯ ಕಟ್ಟಳೆ ಇಲ್ಲ. ಫೀಸು ತೆರುವ ವ್ಯಾಪಾರಿ ಬಂಧುಗಳು ಅಲ್ಲಿಯೂ ಅದನ್ನು ಒತ್ತಾಯಿಸಬೇಕು.

ನಾಲ್ಕು: ಅತಿಥಿ ಶಿಕ್ಷಕರ ಕಾಯಮಾತಿಗಾಗಿ ಅವರು ಬೀದಿಗಿಳಿದಾಗ ನಮ್ಮ ಬಾವುಟವೂ ಅವರ ಜೊತೆಗಿರಬೇಕು. ಹೆದರಿದ ಗುರು ಹೆದರದ ಮಗುವನ್ನು ರೂಪಿಸಲಾರ.

ಸಂಜೆ ಮಗು ಮನೆಗೆ ಬಂದಾಗ “ಇವತ್ತು ಎಷ್ಟು ಅಂಕ?” ಎಂದು ಕೇಳುವುದು ನಮ್ಮ ರೂಢಿ. ನಾಳೆಯಿಂದ “ಇವತ್ತು ಎಂತ ಪ್ರಶ್ನೆ ಕೇಳಿದೆ ಮಗಾ?” ಎಂದು ಕೇಳಿ ನೋಡಿ. ಮೊದಲ ದಿನ ಮಗು ಕಕ್ಕಾಬಿಕ್ಕಿಯಾಗಿ ನಿಂತೀತು. ವಾರ ಕಳೆಯಲಿ. ಅದು ನಿಮ್ಮನ್ನೇ ಪ್ರಶ್ನಿಸತೊಡಗುತ್ತದೆ. ಆಗ ಕೈ ಎತ್ತಬೇಡಿ, ಉತ್ತರ ಕೊಡಿ. ಪಾಲುಗಾರಿಕೆ ಮುರಿಯುವ ಕೆಲಸ ಅಲ್ಲಿಂದ ಮೊದಲಾಗಲಿ.